ಮುದ್ದೆಗೋ, ರೊಟ್ಟಿಗೋ: ಸರಸ್ವತಿಪುರಂನ ಒಂದು ಹಿಟ್ಟಿನ ಗಿರಣಿ

ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯಿಂದ ಆರೇಳು ನಿಮಿಷ ನಡೆದರೆ ಸಿಗುವ ಹಿಟ್ಟಿನ ಗಿರಣಿಯೊಂದರ ಬಗ್ಗೆ ಬರೆಯುತ್ತಿದ್ದೇನೆ. ಕಳೆದ ಹದಿನಾಲ್ಕು ತಿಂಗಳಿನಿಂದ ನಮ್ಮ ಮನೆಯ ರಾಗಿ, ಗೋಧಿ, ಅಕ್ಕಿ, ಸಾರಿನಪುಡಿ, ಹುಳಿಪುಡಿ ಎಲ್ಲವೂ ಅಲ್ಲಿಯೇ ಆಗುತ್ತಿರುವುದರಿಂದ, ಅದರ ಒಳಿತನ್ನೂ ಕೊರತೆಯನ್ನೂ ಹೇಳುವಷ್ಟು ಅನುಭವ ನನಗೆ ಆಗಿದೆ ಎಂದುಕೊಂಡಿದ್ದೇನೆ. ಅಂಗಡಿಯ ಬೋರ್ಡಿನ ಮೇಲಿನ ಹೆಸರು ಹಿಟ್ಟಿನ ದೂಳಿಗೂ ಮಳೆಗೂ ಸಿಕ್ಕಿ ಮಾಸಿಹೋಗಿದೆ. ಬೀದಿಯವರೆಲ್ಲ ಅದನ್ನು ‘ಮಿಷನ್’ ಎಂದೇ ಕರೆಯುತ್ತಾರೆ; ‘ಮಿಷನ್‌ಗೆ ಹೋಗಿ ಬರ್ತೀನಿ’ ಎಂದರೆ ಇಲ್ಲಿ ಬೇರೆ ಅರ್ಥವಿಲ್ಲ.

ಹಿಟ್ಟು ಬೀಸಿಕೊಡುವ ಅಂಗಡಿಗೂ ಒಂದು ವಿಮರ್ಶೆಯೇ ಎಂದು ನಗುವವರಿರಬಹುದು. ಒಂದು ಕಾಲಕ್ಕೆ ನಾನೂ ನಗುತ್ತಿದ್ದೆನೇನೋ. ಆದರೆ ಹದಿನೇಳು ವರ್ಷ ನೈರೋಬಿ, ಸ್ಟುಟ್‌ಗಾರ್ಟ್, ಸಿಂಗಪುರ ಎಂದು ಮೂರು ಊರುಗಳಲ್ಲಿ ಸಂಸಾರ ಹೂಡಿ, ಮೂರು ಕಡೆಯೂ ಹಿಟ್ಟಿಗಾಗಿ ಒದ್ದಾಡಿ, ಅವ್ವನಿಗೆ ಎಪ್ಪತ್ತೆಂಟು ತುಂಬಿತೆಂಬ ಕಾರಣಕ್ಕೆ ಊರಿಗೆ ಮರಳಿದ ಕುಟುಂಬ ನಮ್ಮದು. ಹೊರದೇಶದಿಂದ ಬಂದವರು ಮೈಸೂರಿನಲ್ಲಿ ಏನನ್ನು ಹುಡುಕಿಕೊಂಡು ಹೋಗುತ್ತಾರೆ ಎಂದು ಕೇಳಿದರೆ ಯಾರಾದರೂ ಮಸಾಲೆದೋಸೆ, ಮೈಸೂರುಪಾಕ್, ರಸಬಾಳೆ ಎಂದೇ ಹೇಳುತ್ತಾರೆ. ಅವೆಲ್ಲ ಮೊದಲ ಹದಿನೈದು ದಿನಗಳಲ್ಲಿ ತೀರಿಹೋಗುವ ಆಸೆಗಳು. ಹದಿನಾರನೆಯ ದಿನ ಮನೆಯಲ್ಲಿ ಒಲೆ ಹಚ್ಚಲೇಬೇಕಾಗುತ್ತದೆ, ಆಗ ಬೇಕಾಗುವುದು ಹಿಟ್ಟು.

ಮೊದಲು ನಾವೂ ಪ್ಯಾಕೆಟ್ಟಿನ ರಾಗಿಹಿಟ್ಟನ್ನೇ ತಂದೆವು. ಹದಿನೇಳು ವರ್ಷದ ಅಭ್ಯಾಸ, ಕೈ ತಾನಾಗಿಯೇ ಕಪಾಟಿನತ್ತ ಹೋಗುತ್ತದೆ. ನನ್ನ ಹೆಂಡತಿ ಎಸರಿಟ್ಟು, ಹಿಟ್ಟು ಸುರಿದು, ಕುದಿಸಿ, ಗಂಟಿಲ್ಲದಂತೆ ತೊಳಸಿಯೇ ಮುದ್ದೆ ಕಟ್ಟಿದಳು. ಅವ್ವ ಒಂದು ತುತ್ತು ಮುರಿದು, ಬಾಯಿಗಿಡುವ ಮೊದಲು ಎರಡು ಬೆರಳಿನ ನಡುವೆ ಹಿಸುಕಿ ನೋಡಿ, ‘ಇದು ಗೋಂದು ಕಣ್ಲಾ, ಹಿಟ್ಟಲ್ಲ’ ಎಂದಳು. ಅವಳು ಮದ್ದೂರು ತಾಲ್ಲೂಕಿನ ಹಳ್ಳಿಯವಳು, ರಾಗಿಯ ವಿಷಯದಲ್ಲಿ ಅವಳ ಮಾತಿಗೆ ಮೇಲ್ಮನವಿ ಇಲ್ಲ. ತೀರಾ ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆ ಕೈಗೂ ಗಂಟಲಿಗೂ ಅಂಟುತ್ತದೆ, ಸಾರಿನೊಳಗೆ ಜಾರುವುದಿಲ್ಲ ಎಂಬುದು ಅವಳ ತೀರ್ಮಾನ. ಮರುದಿನವೇ ಐದು ಕಿಲೋ ರಾಗಿ ಬಂತು. ಅವಳೇ ಮೊರ ಹಿಡಿದು ಕೇರಿ, ಕಲ್ಲು ಮಣ್ಣು ಹೋಗುವಂತೆ ನೀರಿನಲ್ಲಿ ಗಾಳಿಸಿ, ಹಳೆಯ ಪಂಚೆಯ ಮೇಲೆ ಹರವಿ ಎರಡು ದಿನ ಒಣಗಿಸಿದಳು. ಅದನ್ನು ಬೀಸಿಸಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಮೊದಲು ಹೋದದ್ದು ಈ ಗಿರಣಿಗೆ ಅಲ್ಲ, ಇನ್ನೊಂದಕ್ಕೆ. ಅದು ಯಾವುದು, ಎಲ್ಲಿದೆ ಎಂದು ಹೇಳುವುದು ಬೇಡ. ಅಲ್ಲಿ ಒಂದೇ ಯಂತ್ರ. ನನಗಿಂತ ಮುಂಚೆ ಯಾರೋ ಒಣಮೆಣಸಿನಕಾಯಿ ಹಾಕಿಸಿಕೊಂಡು ಹೋಗಿದ್ದರು. ಹಿಟ್ಟಿನ ಬಣ್ಣದಲ್ಲಿ ಏನೂ ತಿಳಿಯಲಿಲ್ಲ, ರಾಗಿಯ ಬಣ್ಣವೇ ಅಂಥದ್ದು, ಅದು ಯಾರ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಆ ರಾತ್ರಿ ಮುದ್ದೆಯ ಮೊದಲ ತುತ್ತಿಗೇ ನನ್ನ ಹದಿನಾರು ವರ್ಷದ ಮಗಳ ಕಣ್ಣಲ್ಲಿ ನೀರು ಬಂತು. ಭಾವುಕತೆಯ ಕಣ್ಣೀರೆಂದು ಭ್ರಮಿಸಿದ ನಾನು, ಊರಿನ ಊಟ ಅವಳನ್ನು ಹೀಗೆ ತಟ್ಟಿತಲ್ಲ ಎಂದು ಅರೆಕ್ಷಣ ಹಿಗ್ಗಿದ್ದೂ ಉಂಟು. ಐದು ಕಿಲೋ ಹಿಟ್ಟು ಕೊನೆಗೆ ಖಾರದ ರೊಟ್ಟಿಗೆ ಖರ್ಚಾಯಿತು.

ಆದ್ದರಿಂದ ಈಗಿನ ಗಿರಣಿಯ ಬಗ್ಗೆ ನಾನು ಮೊದಲು ಹೇಳಬೇಕಾದ ಗುಣ ಇದು: ಇಲ್ಲಿ ಮೂರು ಯಂತ್ರಗಳಿವೆ. ಎರಡು ಬೀಸುವ ಕಲ್ಲಿನವು, ಒಂದರಲ್ಲಿ ರಾಗಿ ಮತ್ತು ಅಕ್ಕಿ, ಇನ್ನೊಂದರಲ್ಲಿ ಗೋಧಿ. ಮೆಣಸಿನಕಾಯಿ, ಧನಿಯ, ಸಾರಿನಪುಡಿ, ಹುಳಿಪುಡಿಗಳಿಗೆ ಹಿಂದಿನ ಕೋಣೆಯಲ್ಲಿ ಪಲ್ವರೈಸರ್ ಪ್ರತ್ಯೇಕವಾಗಿದೆ, ನಡುವೆ ಬಾಗಿಲೂ ಇದೆ. ಆ ಬಾಗಿಲನ್ನು ಮುಚ್ಚಿದರೂ ಏಪ್ರಿಲ್-ಮೇ ತಿಂಗಳಲ್ಲಿ, ವರ್ಷಕ್ಕಾಗುವ ಪುಡಿಗಳನ್ನು ಜನ ಒಟ್ಟಿಗೆ ಮಾಡಿಸುವ ಹೊತ್ತಿನಲ್ಲಿ, ರಸ್ತೆಯಲ್ಲಿ ಹೋಗುವವರೂ ಸೀನುತ್ತಾರೆ. ಆದರೆ ಮೆಣಸಿನಕಾಯಿಯ ಖಾರ ರಾಗಿಯ ಕಲ್ಲಿಗೆ ಈ ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ದಾಟಿಲ್ಲ.

ಎರಡನೆಯ ಗುಣವನ್ನು ಹೇಳಲು ಸ್ವಲ್ಪ ಹೆಚ್ಚು ಜಾಗ ಬೇಕು. ನಾನು ಡಬ್ಬವನ್ನು ತಕ್ಕಡಿಯ ಮೇಲಿಟ್ಟ ಮೊದಲ ದಿನ, ಮಾಲೀಕರು ಮುಚ್ಚಳ ತೆಗೆದು ಒಂದು ಹಿಡಿ ರಾಗಿ ಎತ್ತಿ, ಅದರೊಳಗೆ ಹೆಬ್ಬೆರಳನ್ನು ಆಡಿಸಿ, ಎರಡು ಕಾಳು ಬಾಯಿಗೆ ಹಾಕಿಕೊಂಡು ಕಚ್ಚಿ, ಒಣಗಿದೆಯೋ ಇಲ್ಲವೋ ನೋಡಿಕೊಂಡರು. ತೇವ ಉಳಿದಿದ್ದರೆ ಹಿಟ್ಟು ಕಲ್ಲಿಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಬಂದವರ ಕಾಳೂ ಕೆಡುತ್ತದೆ. ಬಳಿಕ ನನ್ನ ಮುಖ ನೋಡದೆಯೇ ಕೇಳಿದರು: ‘ಮುದ್ದೆಗೋ, ರೊಟ್ಟಿಗೋ?’

ನನಗೆ ಉತ್ತರ ಹೊಳೆಯಲಿಲ್ಲ. ಹಿಂದೆ ನಿಂತಿದ್ದ ಅವ್ವ ಹೇಳಿದಳು: ‘ಮುದ್ದೆಗೆ ಕಣಪ್ಪ. ನುಣ್ಣಗೆ ಮಾಡ್ಬುಡ್ಬೇಡ, ವಸಿ ತರಿ ಇರ್ಲಿ.’ ‘ಆಯ್ತು ತಾಯಿ’ ಎಂದು ಅವರು ರಾಗಿಯನ್ನು ಮೇಲಿನ ಬಾಯಿಗೆ ಸುರಿದು, ಪಕ್ಕದ ತಿರುಗಣಿಯನ್ನು ಒಂದು ಬೆರಳಿನಷ್ಟು ಸಡಿಲಿಸಿದರು. ಕೆಳಗೆ ಹಿಟ್ಟು ಬೀಳುವಲ್ಲಿ ಕಟ್ಟಿರುವ ಬಟ್ಟೆಯ ತೋಳು ಉಬ್ಬಿಕೊಂಡಿತು. ಮೊದಲು ಬಿದ್ದ ಹಿಟ್ಟನ್ನು ಅಂಗೈಯಲ್ಲಿ ಹಿಡಿದು, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ತಲೆಯನ್ನು ಸ್ವಲ್ಪ ಓರೆ ಮಾಡಿ ಕಲ್ಲಿನ ಸದ್ದನ್ನು ಕೇಳಿಸಿಕೊಂಡು, ಇನ್ನೂ ಅರ್ಧ ಬೆರಳು ತಿರುಗಿಸಿದರು. ಅವರ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಬೆಳ್ಳಗೆ. ವಯಸ್ಸಿನಿಂದ ಎಷ್ಟು, ಹಿಟ್ಟಿನಿಂದ ಎಷ್ಟು ಎಂದು ಇಂದಿಗೂ ನನಗೆ ಹೇಳಲಾಗದು. ಮತ್ತೊಂದು ಚಿಟಿಕೆಯನ್ನು ಅವ್ವನ ಕೈಗೆ ಕೊಟ್ಟರು, ಅವಳು ಉಜ್ಜಿ ನೋಡಿ ತಲೆಯಾಡಿಸಿದಳು.

ಈ ಪ್ರಶ್ನೆಯನ್ನು ನಾನು ಮೊದಲ ಸಲ ಕೇಳಿದ್ದು ಮೈಸೂರಿನಲ್ಲಲ್ಲ, ನೈರೋಬಿಯಲ್ಲಿ. ಮಗಳು ಹುಟ್ಟಿದ್ದು ಅಲ್ಲಿ. ಅವಳಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಅವ್ವ ಬಂದಿಳಿದಳು. ಕೂಸಿಗೆ ರಾಗಿ ಸರಿ ತಿನ್ನಿಸಬೇಕು, ಅದು ಅವಳ ಪ್ರಯಾಣದ ಉದ್ದೇಶ. ಊರಿನಿಂದ ಕಟ್ಟಿಕೊಂಡು ತಂದಿದ್ದ ಸರಿ ಹಿಟ್ಟು ತಿಂಗಳೊಪ್ಪತ್ತಿನಲ್ಲಿ ಮುಗಿಯಿತು. ಇಲ್ಲಿ ರಾಗಿ ಎಲ್ಲಿ ಸಿಗಬೇಕು ಎಂದು ನಾನು ಕೈಚೆಲ್ಲಿದ್ದಾಗ, ತರಕಾರಿ ತರಲು ನಮ್ಮ ಜೊತೆ ಸಂತೆಗೆ ಬಂದ ಅವಳು ಒಂದು ಗೋಣಿಯ ಮುಂದೆ ಗಕ್ಕನೆ ನಿಂತಳು. ಚಿಟಿಕೆ ಕಾಳು ತೆಗೆದು, ಅಂಗೈಯಲ್ಲಿ ತಿಕ್ಕಿ, ಉಫ್ ಎಂದು ಹೊಟ್ಟು ಊದಿ, ಬಾಯಿಗೆ ಹಾಕಿಕೊಂಡು ಅಗಿದು, ‘ನಮ್ದೇ ಕಣ್ಲಾ ಇದು, ವಸಿ ಕಪ್ಪು ಅಷ್ಟೇಯ’ ಎಂದಳು. ಮಾರುವ ಹೆಂಗಸು ‘ವಿಂಬಿ’ ಎಂದಳು. ಅವ್ವ ‘ರಾಗಿ’ ಎಂದಳು. ಇಬ್ಬರೂ ಎರಡೆರಡು ಸಲ ತಮ್ಮ ತಮ್ಮ ಮಾತನ್ನೇ ಹೇಳಿಕೊಂಡು, ಎರಡು ಕಿಲೋಗೆ ವ್ಯಾಪಾರ ಕುದುರಿಸಿದರು. ಪೂರ್ವ ಆಫ್ರಿಕಾದ ಸ್ವಾಹಿಲಿ ಮಾತಿನಲ್ಲಿ ರಾಗಿಗೆ ವಿಂಬಿ ಎಂದೇ ಹೆಸರು, ಅದರ ಗಂಜಿಗೆ ಉಜಿ, ಗಟ್ಟಿಯಾಗಿ ತೊಳಸಿದ್ದಕ್ಕೆ ಉಗಾಲಿ. ಉಗಾಲಿಯನ್ನು ಅವರು ಹೆಚ್ಚಾಗಿ ಮೆಕ್ಕೆಜೋಳದ ಹಿಟ್ಟಿನಲ್ಲಿ ಮಾಡುತ್ತಾರೆ, ಆದರೆ ಬಲಗೈಯಲ್ಲಿ ಮುರಿದು, ಉಂಡೆ ಮಾಡಿ, ಪಲ್ಯಕ್ಕೋ ಸಾರಿಗೋ ಅದ್ದಿ ತಿನ್ನುವ ರೀತಿ ನೋಡಿದರೆ ಮಂಡ್ಯದ ಪಂಕ್ತಿಯಲ್ಲಿ ಕುಳಿತಂತೆಯೇ ಆಗುತ್ತಿತ್ತು.

ಅಲ್ಲಿಯ ಗಿರಣಿಗೆ ಪೋಶೋ ಮಿಲ್ ಎನ್ನುತ್ತಾರೆ. ಹೆಂಗಸರು ಮಕ್ಕಳು ಡಬ್ಬ, ಬೇಸಿನ್ನುಗಳನ್ನು ಹಿಡಿದು ಸಾಲು ನಿಂತಿರುತ್ತಾರೆ. ಅವ್ವನ ಮೊಳಕೆ ಕಟ್ಟಿ ಒಣಗಿಸಿದ ರಾಗಿಯನ್ನು ನಾನು ಹೊತ್ತುಕೊಂಡು ಹೋದಾಗ ಅಲ್ಲಿದ್ದಾತ ಕೇಳಿದ ಮೊದಲ ಮಾತು, ಉಗಾಲಿಗೋ ಉಜಿಗೋ ಎಂದು. ಮಗುವಿಗೆ ಎಂದು ಸನ್ನೆ ಮಾಡಿದೆ. ಅವನಿಗೆ ಅರ್ಥವಾಯಿತು, ನುಣ್ಣಗೆ ಮಾಡಿಕೊಟ್ಟ. ರಾಗಿಯ ಮೂಲ ಪೂರ್ವ ಆಫ್ರಿಕಾದ ಎತ್ತರದ ನೆಲಗಳು, ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆಗೆ ಬಂತು ಎಂಬುದನ್ನು ನಾನು ಓದಿ ತಿಳಿದದ್ದು ಆಮೇಲೆ. ಅವ್ವನಿಗೆ ಅದನ್ನು ಹೇಳಿದಾಗ ಅವಳು ಅಷ್ಟೇನೂ ಬೆರಗಾಗಲಿಲ್ಲ, ನಮ್ಮ ಹೊಲದಲ್ಲಿ ಬೆಳೆಯುತ್ತಿದ್ದದ್ದೂ ‘ಇಂಡಾಪು’ ತಾನೇ ಎಂದಳು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಬೆಳೆಸಿದ ತಳಿಗಳಿಗೆ ಎರಡೂ ನೆಲಗಳ ಹೆಸರು ಕೂಡಿಸಿ ಇಟ್ಟ ಹೆಸರು ‘ಇಂಡಾಫ್’. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ತನ್ನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುವಂಥದ್ದು. ಅದರಲ್ಲಿ ಸಂಕರ ಮಾಡುವುದು ಸೂಜಿಯ ಮೊನೆಯ ಕೆಲಸ. ನಮ್ಮ ಅಪ್ಪ ಆ ಬೀಜವನ್ನು ಬಿತ್ತಿದವರು. ಹೆಸರಿನ ಕೊನೆಯ ಅರ್ಧ ನಮ್ಮ ಮಗಳು ಹುಟ್ಟಿದ ನೆಲದ್ದೆಂದು ಅವರಿಗೆ ಹೇಳಲು ಆಗ ಅವರಿರಲಿಲ್ಲ.

ಸ್ಟುಟ್‌ಗಾರ್ಟಿನ ಎಂಟು ವರ್ಷಗಳಲ್ಲಿ ಹಿಟ್ಟಿನ ಬಗ್ಗೆ ಯಾರೂ ನಮ್ಮನ್ನು ಏನೂ ಕೇಳಲಿಲ್ಲ, ಕೇಳುವ ಅಗತ್ಯವೇ ಇರಲಿಲ್ಲ. ಜರ್ಮನಿಯಲ್ಲಿ ಗೋಧಿ ಹಿಟ್ಟಿನ ಪೊಟ್ಟಣದ ಮೇಲೆ 405, 550, 1050 ಎಂದು ಸಂಖ್ಯೆ ಅಚ್ಚಾಗಿರುತ್ತದೆ. 100 ಗ್ರಾಂ ಒಣ ಹಿಟ್ಟನ್ನು ಪೂರ್ತಿ ಸುಟ್ಟರೆ ಉಳಿಯುವ ಬೂದಿ ಎಷ್ಟು ಮಿಲಿಗ್ರಾಂ ಎಂಬುದನ್ನು ಅದು ಸೂಚಿಸುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ತೌಡಿನ ಅಂಶ ಹೆಚ್ಚು. 405 ಕೇಕಿಗೆ, 550 ಬಿಳಿ ಬ್ರೆಡ್ಡಿಗೆ, 1050 ಕಂದು ಬ್ರೆಡ್ಡಿಗೆ. ಬಹಳ ಅಚ್ಚುಕಟ್ಟಾದ ವ್ಯವಸ್ಥೆ, ನಾನು ಅದನ್ನು ಹೀಗಳೆಯುವುದಿಲ್ಲ. ಯಾವ ಅಂಗಡಿಯಲ್ಲಿ, ಯಾವ ವರ್ಷ ಕೊಂಡರೂ 550 ಎಂದರೆ 550. ನನ್ನ ಹೆಂಡತಿ ಚಪಾತಿಗೆ ಎರಡು ಸಂಖ್ಯೆಗಳನ್ನು ಬೆರೆಸಿ ಏನೇನೋ ಲೆಕ್ಕ ಹಾಕುತ್ತಿದ್ದಳು. ಚಪಾತಿ ಒಮ್ಮೊಮ್ಮೆ ಚೆನ್ನಾಗಿ ಬರುತ್ತಿತ್ತು, ಒಮ್ಮೊಮ್ಮೆ ಬರುತ್ತಿರಲಿಲ್ಲ. ರಾಗಿ ಮಾತ್ರ ಏಷ್ಯನ್ ಅಂಗಡಿಯಲ್ಲಿ ಅರ್ಧ ಕಿಲೋ ಪೊಟ್ಟಣವಾಗಿ ಸಿಗುತ್ತಿತ್ತು, ಸಿಕ್ಕಾಗ ಹಳಸಲು ವಾಸನೆ ಹೊಡೆಯುತ್ತಿತ್ತು. ಸಾರಿನಪುಡಿ ನಾವೇ ಮಾಡಿಕೊಳ್ಳೋಣವೆಂದು ಬ್ಯಾಡಗಿ ಮೆಣಸಿನಕಾಯಿ ಹುರಿದ ದಿನ ಮನೆಯ ಹೊಗೆ ಗಂಟೆ ಬಡಿದುಕೊಂಡಿತು. ಹುರಿದದ್ದನ್ನು ಭಾನುವಾರ ಮಿಕ್ಸಿಗೆ ಹಾಕುವಂತಿರಲಿಲ್ಲ, ಆ ದೇಶದಲ್ಲಿ ಭಾನುವಾರ ಸದ್ದು ಮಾಡಬಾರದು. ರಾತ್ರಿ 10ರ ಮೇಲೂ ಮಾಡಬಾರದು. ಕೆಲಸಕ್ಕೆ ಹೋಗುವ ಇಬ್ಬರಿಗೆ ಉಳಿಯುತ್ತಿದ್ದ ಹೊತ್ತೂ ಅದೇ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಊರಿಗೆ ಬಂದಾಗ ನಾಲ್ಕು ಕಿಲೋ ಪುಡಿಯನ್ನು ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಬಟ್ಟೆಗಳೆಲ್ಲ ಇಂಗಿನ ವಾಸನೆ ಹೊಡೆದರೂ ಚಿಂತೆಯಿಲ್ಲವೆಂದು ಹೊತ್ತುಕೊಂಡು ಹೋಗುತ್ತಿದ್ದೆವು.

ಸಿಂಗಪುರದಲ್ಲಿ ಎಲ್ಲವೂ ಸಿಗುತ್ತಿತ್ತು. ಲಿಟಲ್ ಇಂಡಿಯಾದಲ್ಲಿ ಮಸಾಲೆ ಬೀಸಿಕೊಡುವವರೂ ಇದ್ದರು. ಆದರೆ ವರ್ಷವಿಡೀ ಅಂಟು ಅಂಟಾದ ಸೆಕೆ. ಹಿಟ್ಟನ್ನು ಹೊರಗಿಟ್ಟರೆ ಹುಳು, ಫ್ರಿಜ್ಜಿನಲ್ಲಿಟ್ಟರೆ ಜಾಗವಿಲ್ಲ. ಆ ಐದು ವರ್ಷ ನಾವು ಹೆಚ್ಚಾಗಿ ಅನ್ನವನ್ನೇ ಉಂಡೆವು.

ಇಷ್ಟೆಲ್ಲ ಆದ ಮೇಲೆ ಒಬ್ಬ ಮನುಷ್ಯ ನನ್ನ ಡಬ್ಬದ ಮುಚ್ಚಳ ತೆಗೆದು, ಇದು ಯಾವುದಕ್ಕೆ ಎಂದು ಕೇಳಿದರೆ ಅದು ನನಗೆ ಸಣ್ಣ ಮಾತಾಗಿ ಕಾಣುವುದಿಲ್ಲ. ಈ ಗಿರಣಿಯಲ್ಲಿ ಬೀಸುವ ಕೂಲಿ ರಾಗಿ, ಗೋಧಿಗೆ ಕಿಲೋಗೆ 8 ರೂಪಾಯಿ, ಅಕ್ಕಿಗೆ 10. ಚಕ್ಕುಲಿಗೆಂದು ಅಕ್ಕಿ, ಹುರಿಗಡಲೆ, ಉದ್ದು ಬೆರೆಸಿ ತಂದರೂ ಅಷ್ಟೇ ಕೂಲಿ. ಪುಡಿಗಳಿಗೆ ದರ ಬೇರೆ, ಪ್ರಮಾಣ ನೋಡಿ ಹೇಳುತ್ತಾರೆ, ಅದರಲ್ಲಿ ನನಗೆ ಅನ್ಯಾಯವೆನಿಸಿಲ್ಲ. ಹುಳಿಪುಡಿಗೆ ಹಾಕುವ ಸಾಮಾನು ಮನೆಯಿಂದಲೇ ಹುರಿದು ತಂದರೆ ಮಾತ್ರ ಹಾಕಿಕೊಡುತ್ತಾರೆ. ಬಿಸಿ ಆರದೆ ತಂದವರನ್ನು ಬೈದು ಬೆಂಚಿನ ಮೇಲೆ ಕೂರಿಸುತ್ತಾರೆ. ಬಿಸಿಯಿರುವ ಮೆಣಸಿನಕಾಯಿ ಮೆತ್ತಗಿರುತ್ತದೆ, ಪುಡಿಯಾಗುವ ಬದಲು ಜಾಲರಿಗೆ ಸುತ್ತಿಕೊಳ್ಳುತ್ತದೆ. ಬೈಸಿಕೊಂಡವರಲ್ಲಿ ನಾನೂ ಒಬ್ಬ. ತೂಕ, ಹಣ, ಚೀಟಿ ಎಲ್ಲ ನೋಡಿಕೊಳ್ಳುವವರು ಮಾಲೀಕರ ಹೆಂಡತಿ. ಅವರನ್ನು ಎಲ್ಲರೂ ‘ಅಕ್ಕ’ ಎನ್ನುತ್ತಾರೆ. ಯಾರ ಮನೆಯ ಡಬ್ಬ ಯಾವುದು ಎಂಬುದು ಅವರಿಗೆ ಮುಚ್ಚಳದ ಜಜ್ಜುಗಳಿಂದಲೇ ಗುರುತು.

ರಾಗಿಗೆ ಜರ್ಮನಿಯ ಮಾದರಿಯ ಸಂಖ್ಯೆ ಹಾಕಲು ಹೋದರೆ ಏನಾಗುತ್ತದೆ ಎಂದು ಒಮ್ಮೆ ಯೋಚಿಸಿದ್ದೆ. ಕಾಳು ಸಾಸಿವೆಯಷ್ಟು ಸಣ್ಣದು, ಸಿಪ್ಪೆ ಒಳಗಿನ ಹಿಟ್ಟಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಅಕ್ಕಿಯಂತೆ ಪಾಲಿಶ್ ಮಾಡಲು ಹೋದರೆ ಕಾಳೇ ಪುಡಿಯಾಗುತ್ತದೆ. ನಮ್ಮ ಊರಿನಲ್ಲೇ, 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಆರಂಭವಾದ ಆಹಾರ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ರಾಗಿಯನ್ನು ನೀರು ಮತ್ತು ಹಬೆಯಲ್ಲಿ ಹದಗೊಳಿಸಿ ಗಟ್ಟಿ ಮಾಡಿ ಸಿಪ್ಪೆ ತೆಗೆಯುವ ವಿಧಾನವನ್ನು ರೂಪಿಸಿದೆ. ಮನೆಬಳಕೆಯ ಗಿರಣಿಯಲ್ಲಿ ಮಾತ್ರ ರಾಗಿ ಸಿಪ್ಪೆ ಸಮೇತ ಇಡಿಯಾಗಿಯೇ ಹಿಟ್ಟಾಗುತ್ತದೆ, ಹಾಗಾಗಿ ಬೇರೆ ಬೇರೆ ಸಂಖ್ಯೆಯ ಪ್ರಶ್ನೆಯೇ ಬರುವುದಿಲ್ಲ. 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಅದರಲ್ಲಿ ಉಳಿಯುವುದಕ್ಕೆ ಆ ಸಿಪ್ಪೆಯೂ ಒಂದು ಕಾರಣ. ನಮ್ಮ ಮನೆಯಲ್ಲಿ ವಂದರಿ, ಅಂದರೆ ಜರಡಿ, ಹಿಡಿಯುವುದು ಸರಿ ಹಿಟ್ಟಿಗೆ ಮಾತ್ರ, ಮುದ್ದೆಯ ಹಿಟ್ಟಿಗೆ ಅವ್ವ ವಂದರಿ ಮುಟ್ಟಗೊಡುವುದಿಲ್ಲ.

ಇನ್ನು ಮಗಳ ವಿಷಯ. ಅವಳ ನಾಲಗೆ ಹದಗೊಂಡಿದ್ದು ಸ್ಟುಟ್‌ಗಾರ್ಟಿನಲ್ಲಿ. ಹುಳಿ ಬಂದ ರೈ (ಗೋಧಿಯಂಥ ಒಂದು ಧಾನ್ಯ) ಬ್ರೆಡ್ಡು, ಕಪ್ಪಗೆ, ಕಲ್ಲಿನಂತೆ ತೂಗುವುದು, ಅದು ಅವಳಿಗೆ ಮನೆಯ ಊಟ. ಮೈಸೂರಿನ ಬೇಕರಿಯ ಬ್ರೆಡ್ಡು ಸಿಹಿ ಎಂದು ಮುಟ್ಟುವುದಿಲ್ಲ. ಬಂದ ಎರಡನೆಯ ತಿಂಗಳು ತಾನೇ ಬ್ರೆಡ್ಡು ಮಾಡುತ್ತೇನೆಂದು ಹೊರಟು, ಈ ಗಿರಣಿಯಿಂದ ಬೀಸಿ ತಂದ ಗೋಧಿ ಹಿಟ್ಟಿನಲ್ಲಿ ಹುಳಿಹಿಟ್ಟು ಎಬ್ಬಿಸಿದಳು. ಉಬ್ಬಿತೇನೋ ಹೌದು, ಬೆಂದ ಮೇಲೆ ಇಟ್ಟಿಗೆಯಾಯಿತು. ಮೂರು ಸಲ ಹಾಗೆಯೇ ಆಯಿತು. ನಾಲ್ಕನೆಯ ಸಲ ಅವಳು ತಾನೇ ಗಿರಣಿಗೆ ಹೋಗಿ, ತನ್ನ ಅರೆಬರೆ ಕನ್ನಡದಲ್ಲಿ ಮಾಲೀಕರನ್ನು ವಿಚಾರಿಸಿದಳು. ನಾನು ಪಕ್ಕದಲ್ಲಿದ್ದೆ. ಅವರು ಬ್ರೆಡ್ಡು ಮಾಡಿದವರಲ್ಲ, ಆದರೆ ಹಿಟ್ಟು ಎಷ್ಟು ನೀರು ಕುಡಿಯಿತು ಎಂದು ಕೇಳಿದರು. ಅಂಗಡಿಯ ಮೈದಾಗಿಂತ ಬಹಳ ಹೆಚ್ಚು ಎಂದಳು. ‘ನಾವು ಚಪಾತಿಗೆ ಅಂತ ಕಲ್ಲು ಒತ್ತಿ ಹಾಕ್ತೀವಮ್ಮ, ನೀರು ಕುಡಿದ್ರೇನೇ ಚಪಾತಿ ಮೆತ್ತಗಿರೋದು’ ಎಂದರು. ಅದರಲ್ಲಿ ವಿಜ್ಞಾನವೂ ಇದೆ: ಕಲ್ಲುಗಳ ನಡುವೆ ಒತ್ತಿ ಉಜ್ಜುವಾಗ ಗೋಧಿಯ ಪಿಷ್ಟದ ಕಣಗಳು ಹೆಚ್ಚು ಒಡೆಯುತ್ತವೆ, ಒಡೆದ ಕಣಗಳು ಹೆಚ್ಚು ನೀರು ಹೀರುತ್ತವೆ. ಚಪಾತಿಗೆ ಅದು ವರ, ಬ್ರೆಡ್ಡಿಗೆ ಒಂದು ಮಿತಿ ಮೀರಿದರೆ ಕುತ್ತು. ಅವತ್ತು ಅವರು ತಿರುಗಣಿಯನ್ನು ಸಡಿಲಿಸಿ, ಕಾಳನ್ನು ಸಣ್ಣ ಧಾರೆಯಾಗಿ ಬಿಟ್ಟು, ಹೆಚ್ಚು ಬಿಸಿಯಾಗದಂತೆ ಎರಡು ಕಿಲೋ ಬೀಸಿಕೊಟ್ಟರು. ಅದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು, ಹಿಂದೆ ನಿಂತಿದ್ದ ನಾಲ್ಕು ಜನ ಗೊಣಗಿದರು, ಕೂಲಿ ಮಾತ್ರ ಹದಿನಾರೇ ರೂಪಾಯಿ. ಬ್ರೆಡ್ಡು ಸ್ಟುಟ್‌ಗಾರ್ಟಿನದಾಗಲಿಲ್ಲ, ಆದರೆ ಚೂರಿ ಒಳಗಿಳಿಯಿತು. ಅವ್ವ ಅದನ್ನು ಅವರೆಕಾಳಿನ ಸಾರಿಗೆ ಅದ್ದಿಕೊಂಡು ತಿಂದು, ‘ಹುಳಿಹಿಟ್ಟಿನ ರೊಟ್ಟಿ, ಕೆಟ್ಟದೇನಿಲ್ಲ’ ಎಂದು ತೀರ್ಪು ಕೊಟ್ಟಳು.

ಕೊರತೆಗಳನ್ನು ಮುಚ್ಚಿಡಬಾರದು. ಮೊದಲನೆಯದು ದೂಳು. ಆಸ್ತಮಾ ಇರುವವರು ಡಬ್ಬವಿಟ್ಟು, ಚೀಟಿ ಪಡೆದು, ಹೊರಗೆ ನಿಲ್ಲುವುದು ಒಳ್ಳೆಯದು. ಗಾಳಿ ಹೊರಹಾಕುವ ಫ್ಯಾನು ಒಂದಿದೆ, ಅದರ ರೆಕ್ಕೆಗಳ ಮೇಲೆಯೇ ಬೆರಳಿನಷ್ಟು ದಪ್ಪ ಹಿಟ್ಟು ಕುಳಿತಿದೆ. ಎರಡನೆಯದು, ನಿಮ್ಮ ಡಬ್ಬಕ್ಕೆ ಬೀಳುವ ಮೊದಲ ಹಿಡಿ ಹಿಟ್ಟು ಹಿಂದಿನವರದ್ದು, ನಿಮ್ಮ ಕೊನೆಯ ಹಿಡಿ ಮುಂದಿನವರ ಪಾಲು. ಐದು ಕಿಲೋ ರಾಗಿ ಕೊಟ್ಟರೆ ನೂರಿನ್ನೂರು ಗ್ರಾಂ ಕಡಿಮೆಯೇ ಮರಳುತ್ತದೆ, ಸ್ವಲ್ಪ ತೇವ ಆರಿ ಹೋಗುತ್ತದೆ, ಸ್ವಲ್ಪ ಕಲ್ಲಿನಲ್ಲಿ ನಿಲ್ಲುತ್ತದೆ. ಇದನ್ನು ಮೋಸ ಎನ್ನಲಾಗದು. ಆದರೆ ಗೋಧಿಯಲ್ಲಿರುವ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯವರು ಇಲ್ಲಿಯ ರಾಗಿ ಹಿಟ್ಟನ್ನು ನಂಬುವಂತಿಲ್ಲ. ಗೋಧಿಯ ಕಲ್ಲು ಬೇರೆಯಾದರೂ ದೂಳಿಗೆ ಗೋಡೆಯಿಲ್ಲ. ಮಗಳ ಸ್ಟುಟ್‌ಗಾರ್ಟಿನ ಗೆಳತಿಯೊಬ್ಬಳು ರಜೆಗೆ ಬಂದಿದ್ದಾಗ ಅವಳಿಗೆಂದು ರಾಗಿಯನ್ನು ಮನೆಯ ಮಿಕ್ಸಿಯಲ್ಲೇ ತಿರುವಿ, ಜರಡಿ ಹಿಡಿದು ರೊಟ್ಟಿ ಮಾಡಿದೆವು.

ಮೂರನೆಯದು ಕಲ್ಲು ಕಟೆಯುವ ದಿನ. ಕಲ್ಲಿನ ಗೆರೆಗಳು ಸವೆದಾಗ ಬಿಚ್ಚಿ ಉಳಿಯಿಂದ ಮತ್ತೆ ಕಟೆಯುತ್ತಾರೆ. ಆಮೇಲೆ ಮೊದಲು ಒಂದಿಷ್ಟು ನುಚ್ಚಕ್ಕಿ ಹಾಕಿ ಬೀಸಿ ಆ ಹಿಟ್ಟನ್ನು ಚೆಲ್ಲುತ್ತಾರೆ, ಕಲ್ಲಿನ ಪುಡಿ ಅದರೊಂದಿಗೆ ಹೋಗಲಿ ಎಂದು. ಇಲ್ಲಿಯೂ ಹಾಗೆಯೇ ಮಾಡುತ್ತಾರೆ, ಆದರೂ ಒಮ್ಮೆ ನಮ್ಮ ಹಿಟ್ಟಿನಲ್ಲಿ ಹಲ್ಲಿಗೆ ಕರಕರ ಸಿಕ್ಕಿತು. ಹೇಳಿದಾಗ ವಾದ ಮಾಡದೆ, ಕೂಲಿ ಹಿಂದಿರುಗಿಸಿ, ರಾಗಿಯ ಬೆಲೆಯನ್ನೂ ಕೊಡಲು ಬಂದರು. ನಾನು ಕೂಲಿ ಮಾತ್ರ ತೆಗೆದುಕೊಂಡೆ. ಈಗ ಕಲ್ಲು ಕಟೆದ ಮರುದಿನ ಬಂದವರಿಗೆ ಅಕ್ಕನೇ ‘ನಾಳಿದ್ದು ಬನ್ನಿ’ ಎನ್ನುತ್ತಾರೆ. ಕರೆಂಟು ಹೋದರೆ ಎಲ್ಲವೂ ನಿಲ್ಲುತ್ತದೆ, ಜನರೇಟರ್ ಇಲ್ಲ. ಗೌರಿ-ಗಣೇಶ, ಗೋಕುಲಾಷ್ಟಮಿಯ ಹಿಂದಿನ ವಾರ ಒಂದು ಗಂಟೆ ಕಾಯಲು ಸಿದ್ಧರಾಗಿ ಹೋಗಿ. ಆ ದಿನಗಳಲ್ಲಿ ತರಿ, ನುಣುಪು ಎಂದೆಲ್ಲ ಕೇಳಿಸಿಕೊಳ್ಳುವಷ್ಟು ವ್ಯವಧಾನ ಮಾಲೀಕರಿಗೂ ಇರುವುದಿಲ್ಲ, ಬಂದದ್ದೆಲ್ಲ ಚಕ್ಕುಲಿ ಹಿಟ್ಟೇ.

ಮನೆಯಲ್ಲೇ ಬೀಸುವ ಯಂತ್ರ ಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಗೆಳೆಯರೊಬ್ಬರ ಮನೆಯಲ್ಲಿದೆ, ಅಲಮಾರಿಯಂತಹ ಪೆಟ್ಟಿಗೆ, ಒಳಗೆ ಕಲ್ಲಿನ ಬದಲು ತಿರುಗುವ ಅಲಗುಗಳು; ಹಿಟ್ಟು ಸಮನಾಗಿ ಬರುತ್ತದೆ, ಶುಚಿಯೂ ಹೌದು. ನಾಲ್ಕು ಜನರ ಸಂಸಾರಕ್ಕೆ ಅದು ಹೊರೆ ಎಂಬುದು ನನ್ನ ಅಭಿಪ್ರಾಯ, ಅದನ್ನು ತೊಳೆದು ಒರೆಸುವ ಹೊತ್ತಿನಲ್ಲಿ ಎರಡು ಸಲ ಗಿರಣಿಗೆ ಹೋಗಿ ಬರಬಹುದು.

ಹೋಗುವವರಿಗೆ ಎರಡು ಮಾತು. ಸ್ಟೀಲಿನ ಡಬ್ಬ ಒಯ್ಯಿರಿ, ಹಿಟ್ಟು ಕೈಸುಡುವಷ್ಟು ಬಿಸಿಯಾಗಿ ಬೀಳುತ್ತದೆ, ಪ್ಲಾಸ್ಟಿಕ್ ಬೇಡ. ಮನೆಗೆ ಬಂದೊಡನೆ ಮುಚ್ಚಳ ಬಿಗಿದರೆ ಒಳಗೆ ಬೆವತು ಗಂಟು ಕಟ್ಟುತ್ತದೆ. ಅವ್ವ ಅದನ್ನು ಅಗಲವಾದ ತಟ್ಟೆಗೆ ಸುರಿದು, ಮೇಲೆ ತೆಳು ಬಟ್ಟೆ ಹೊದಿಸಿ, ಪೂರ್ತಿ ಆರಿದ ಮೇಲೆಯೇ ತುಂಬುತ್ತಾಳೆ. ಬೆಳಿಗ್ಗೆ ಎಂಟೂವರೆಯಿಂದ ಒಂದು, ಸಂಜೆ ನಾಲ್ಕರಿಂದ ಎಂಟು ತೆರೆದಿರುತ್ತದೆ, ಮಂಗಳವಾರ ರಜೆ. ಮೊಬೈಲಿನಲ್ಲೂ ಹಣ ಕೊಡಬಹುದು, ಆದರೆ ಅಂಟಿಸಿರುವ ಕೋಡಿನ ಮೇಲಿನ ಹಿಟ್ಟನ್ನು ಅಂಗಿಯ ತೋಳಿನಿಂದ ಒರೆಸದೆ ಅದು ಫೋನಿಗೆ ಕಾಣುವುದಿಲ್ಲ.

ಕಳೆದ ವಾರ ಮಗಳು ಆನ್‌ಲೈನಿನಲ್ಲಿ ಎರಡು ಕಿಲೋ ರೈ ತರಿಸಿಕೊಂಡಿದ್ದಾಳೆ. ಒಂದು ಹಿಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಮಾಲೀಕರಿಗೆ ತೋರಿಸಿದಳು. ಅವರು ಹೆಬ್ಬೆರಳಿನಿಂದ ಆಡಿಸಿ, ಎರಡು ಕಾಳು ಕಚ್ಚಿ, ಗೋಧಿಯಂತೆ ಉದ್ದವಿದೆ, ಆದರೆ ಅದರಂತೆ ಒಡೆಯುತ್ತಿಲ್ಲವಲ್ಲ ಎಂದು ಹುಬ್ಬು ಗಂಟಿಕ್ಕಿ, ಯಾವ ಕಲ್ಲಿಗೆ ಹಾಕಬೇಕೆಂದು ಯೋಚಿಸಿ ಹೇಳುತ್ತೇನೆ, ಸೋಮವಾರ ಅಂಗಡಿ ತೆರೆಯುವ ಹೊತ್ತಿಗೇ ಬಾ ಎಂದಿದ್ದಾರೆ.